ಅಪಾಯಕಾರಿ ತ್ಯಾಜ್ಯ ಘಟಕಗಳಲ್ಲಿ ಸುರಕ್ಷತಾ ತಪಾಸಣೆ ಮತ್ತು ಸಿಬ್ಬಂದಿ ತರಬೇತಿ: ಅರ್ಜಿದಾರರಿಗೆ ಮಾಹಿತಿ

ಅಪಾಯಕಾರಿ ತ್ಯಾಜ್ಯದ ಅಧಿಕಾರಪತ್ರಕ್ಕಾಗಿ ಅರ್ಜಿ ಸಲ್ಲಿಸುವವರು ಸಾಮಾನ್ಯವಾಗಿ ವಿಚಾರಿಸುವುದು ಮೂರು ಸಂಗತಿಗಳನ್ನು: ಯಾವ ದಾಖಲೆ ಲಗತ್ತಿಸಬೇಕು, ಶುಲ್ಕವೆಷ್ಟು, ಎಷ್ಟು ದಿನ ಹಿಡಿಯುತ್ತದೆ. ಸ್ಥಳ ತಪಾಸಣೆಯ ದಿನ ಏನನ್ನು ಪರಿಶೀಲಿಸಲಾಗುತ್ತದೆ, ಘಟಕದ ಕೆಲಸಗಾರರಿಗೆ ಏನೇನು ತಿಳಿದಿರಬೇಕು ಎಂದು ವಿಚಾರಿಸುವವರು ವಿರಳ. ಆದರೆ ಅಧಿಕಾರಪತ್ರ ದೊರೆಯುವುದೂ ದೊರೆತದ್ದು ಉಳಿಯುವುದೂ ಬಹುಮಟ್ಟಿಗೆ ಈ ಎರಡು ಸಂಗತಿಗಳನ್ನೇ ಅವಲಂಬಿಸಿವೆ. ಸಣ್ಣ ಉದ್ದಿಮೆದಾರರಿಗೆ, ಮರುಬಳಕೆ ಘಟಕ ನಡೆಸುವವರಿಗೆ ಹಾಗೂ ಇಂತಹ ಘಟಕಗಳ ನೆರೆಹೊರೆಯ ನಿವಾಸಿಗಳಿಗೆ ಈ ಕುರಿತು ತಿಳಿವಳಿಕೆ ನೀಡುವ ಉದ್ದೇಶದಿಂದ ಈ ಮಾಹಿತಿಯನ್ನು ಪ್ರಕಟಿಸಲಾಗಿದೆ.

ಅಧಿಕಾರಪತ್ರ ಯಾರಿಗೆ ಅವಶ್ಯಕ

ಅಪಾಯಕಾರಿ ಮತ್ತು ಇತರೆ ತ್ಯಾಜ್ಯಗಳ (ನಿರ್ವಹಣೆ ಮತ್ತು ಗಡಿಯಾಚೆಗಿನ ಸಾಗಣೆ) ನಿಯಮಗಳು, 2016ರ 6ನೇ ನಿಯಮದ ಪ್ರಕಾರ ಅಪಾಯಕಾರಿ ತ್ಯಾಜ್ಯವನ್ನು ಉತ್ಪಾದಿಸುವ, ಸಂಗ್ರಹಿಸಿಡುವ, ಸಂಸ್ಕರಿಸುವ, ಮರುಬಳಕೆ ಮಾಡುವ ಅಥವಾ ವಿಲೇವಾರಿ ಮಾಡುವ ಘಟಕದ ಅಧಿಭೋಗದಾರರು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯಿಂದ ಅಧಿಕಾರಪತ್ರ ಪಡೆಯತಕ್ಕದ್ದು. ಅಧಿಭೋಗದಾರರು ಎಂದರೆ ಘಟಕದ ಆಗುಹೋಗುಗಳ ಮೇಲೆ ಹತೋಟಿಯುಳ್ಳ ವ್ಯಕ್ತಿ. ಕಟ್ಟಡದ ಮಾಲೀಕರು ಬೇರೆ ಇದ್ದು ಘಟಕವನ್ನು ಬಾಡಿಗೆಗೆ ನಡೆಸುತ್ತಿದ್ದರೂ ಹೊಣೆ ನಡೆಸುವವರದೇ ಆಗಿರುತ್ತದೆ.

ಬಹಳಷ್ಟು ಸಣ್ಣ ಉದ್ದಿಮೆದಾರರು ತಮ್ಮಲ್ಲಿ ಇಂತಹ ತ್ಯಾಜ್ಯವೇ ಇಲ್ಲವೆಂದು ಭಾವಿಸುತ್ತಾರೆ. ಯಂತ್ರದಿಂದ ತೆಗೆದ ಹಳೆಯ ಎಣ್ಣೆ, ಎಣ್ಣೆ ಒರೆಸಿದ ಹತ್ತಿಬಟ್ಟೆ, ತ್ಯಾಜ್ಯನೀರು ಸಂಸ್ಕರಣಾ ತೊಟ್ಟಿಯ ತಳದ ರಾಸಾಯನಿಕ ಕೆಸರು, ರಾಸಾಯನಿಕ ತುಂಬಿ ಬಂದಿದ್ದ ಖಾಲಿ ಡ್ರಮ್ಮು ಇವೆಲ್ಲವೂ ನಿಯಮಗಳ 1ನೇ ಅನುಸೂಚಿಯಲ್ಲಿ ಸೇರಿವೆ. ಬಳಸಿದ ಎಣ್ಣೆಯ ವರ್ಗ ಸಂಖ್ಯೆ 5.1. ರಾಸಾಯನಿಕ ಕೆಸರಿನದು 35.3. ಖಾಲಿ ಡ್ರಮ್ಮುಗಳದು 33.1. ಜಲ ಕಾಯ್ದೆ ಮತ್ತು ವಾಯು ಕಾಯ್ದೆಗಳ ಅಡಿ ಸಮ್ಮತಿ ಪತ್ರದಿಂದಲೇ ವಿನಾಯಿತಿ ಪಡೆದಿರುವ ಉದ್ದಿಮೆಗಳಿಗೆ 2019ರ ತಿದ್ದುಪಡಿಯಂತೆ ಅಧಿಕಾರಪತ್ರದಿಂದಲೂ ವಿನಾಯಿತಿ ಇದೆ. ಆದರೆ ಅವುಗಳ ತ್ಯಾಜ್ಯವು ಅಧಿಕೃತ ಬಳಕೆದಾರರಿಗೆ, ಸಂಗ್ರಾಹಕರಿಗೆ ಅಥವಾ ವಿಲೇವಾರಿ ಘಟಕಕ್ಕೇ ಸೇರಬೇಕೆಂಬುದು ಆ ವಿನಾಯಿತಿಯ ಷರತ್ತು. ಗುಜರಿಯವರಿಗೆ ಮಾರಿದರೆ ವಿನಾಯಿತಿಯ ರಕ್ಷಣೆ ದೊರೆಯುವುದಿಲ್ಲ.

ಖಾಲಿ ಡ್ರಮ್ಮಿನ ಬಗ್ಗೆ ಇಲ್ಲಿಯೇ ಒಂದು ಮಾತು. ದ್ರಾವಕ ತುಂಬಿದ್ದ ಡ್ರಮ್ಮನ್ನು ಎಷ್ಟೇ ಬರಿದು ಮಾಡಿದರೂ ಒಳಗೆ ಆವಿ ಉಳಿದಿರುತ್ತದೆ. ತುಂಬಿದ ಡ್ರಮ್ಮಿಗಿಂತ ಆವಿ ತುಂಬಿದ ಖಾಲಿ ಡ್ರಮ್ಮೇ ಸ್ಫೋಟಕ್ಕೆ ಹೆಚ್ಚು ಅನುಕೂಲಕರ. ಅದನ್ನು ಗ್ಯಾಸ್ ಕಟ್ಟರಿನಿಂದ ಕತ್ತರಿಸಲು ಹೊರಟವರು ಪ್ರಾಣ ಕಳೆದುಕೊಳ್ಳುವ ಸಂಭವವಿದೆ. ಕೀಟನಾಶಕ ಅಥವಾ ಲೇಪನ ರಾಸಾಯನಿಕದ ಡ್ರಮ್ಮನ್ನು ಕೆಲಸಗಾರರೇ ಮನೆಗೆ ಒಯ್ದು ನೀರು ತುಂಬಿಡುವುದೂ ಉಂಟು. ಡ್ರಮ್ಮಿಗೆ ತೂತು ಹೊಡೆದು ಅನುಪಯುಕ್ತಗೊಳಿಸುವುದು, ನಿರ್ಮಲೀಕರಣಕ್ಕೆ ಅಧಿಕಾರಪತ್ರ ಪಡೆದವರಿಗೆ ಮಾತ್ರ ನೀಡುವುದು ಘಟಕದ ಹೊಣೆ.

ನಿಯಮಗಳ ಹಿನ್ನೆಲೆ

1984ರ ಡಿಸೆಂಬರ್ 2 ಮತ್ತು 3ರ ನಡುವಿನ ರಾತ್ರಿ ಭೋಪಾಲದ ಕೀಟನಾಶಕ ಕಾರ್ಖಾನೆಯಿಂದ ಮೀಥೈಲ್ ಐಸೋಸಯನೇಟ್ ಅನಿಲ ಸೋರಿ ಸಾವಿರಾರು ಜನ ಮೃತಪಟ್ಟರು. ಸಂಗ್ರಹ ತೊಟ್ಟಿಗೆ ನೀರು ಸೇರಿದ್ದು ತಕ್ಷಣದ ಕಾರಣ. ಆದರೆ ತೊಟ್ಟಿಯನ್ನು ತಂಪಾಗಿಡುವ ಶೈತ್ಯೀಕರಣ ವ್ಯವಸ್ಥೆಯನ್ನು ಅದಕ್ಕೂ ಮುಂಚೆಯೇ ನಿಲ್ಲಿಸಲಾಗಿತ್ತು. ಸೋರಿದ ಅನಿಲವನ್ನು ಸುಡಬೇಕಾಗಿದ್ದ ಕೊಳವೆ ದುರಸ್ತಿಯಲ್ಲಿತ್ತು. ಸಿಬ್ಬಂದಿಯ ಸಂಖ್ಯೆ ಮತ್ತು ತರಬೇತಿ ಎರಡನ್ನೂ ಕಡಿತಗೊಳಿಸಲಾಗಿತ್ತು. ಪರಿಸರ (ಸಂರಕ್ಷಣೆ) ಕಾಯ್ದೆ, 1986, ಕಾರ್ಖಾನೆಗಳ ಕಾಯ್ದೆಗೆ 1987ರಲ್ಲಿ ಸೇರಿಸಲಾದ ಅಪಾಯಕಾರಿ ಪ್ರಕ್ರಿಯೆಗಳ ಅಧ್ಯಾಯ, 1989ರ ಮೊದಲ ಅಪಾಯಕಾರಿ ತ್ಯಾಜ್ಯ ನಿಯಮಗಳು ಇವೆಲ್ಲ ಆ ದುರಂತದ ನಂತರ ಬಂದವು. 1989ರ ನಿಯಮಗಳ ಸ್ಥಾನದಲ್ಲಿ 2008ರಲ್ಲಿ ಹೊಸ ನಿಯಮಗಳು ಬಂದವು. ಅವುಗಳ ಸ್ಥಾನದಲ್ಲಿ 2016ರ ನಿಯಮಗಳು ಬಂದಿವೆ.

ಕೆಲಸಗಾರರ ಸುರಕ್ಷತೆಯ ಮಟ್ಟಿಗೆ ಕಾನೂನು ಮತ್ತೊಮ್ಮೆ ಬದಲಾಗಿದೆ. 1948ರ ಕಾರ್ಖಾನೆಗಳ ಕಾಯ್ದೆಯನ್ನು ಒಳಗೊಂಡಂತೆ ಹಲವು ಕಾಯ್ದೆಗಳ ಸ್ಥಾನದಲ್ಲಿ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆ, 2020 ಎಂಬ ಕಾನೂನು 2025ರ ನವೆಂಬರ್ 21ರಂದು ಜಾರಿಗೆ ಬಂದಿದೆ. ಅಪಾಯಗಳ ಬಗ್ಗೆ ಕೆಲಸಗಾರರಿಗೆ ಮಾಹಿತಿ ನೀಡುವ ಹೊಣೆ, ಸನ್ನಿಹಿತ ಅಪಾಯದ ಬಗ್ಗೆ ಎಚ್ಚರಿಸಲು ಕೆಲಸಗಾರರಿಗಿರುವ ಹಕ್ಕು ಮುಂತಾದ 1987ರ ತತ್ವಗಳು ಸಂಹಿತೆಯಲ್ಲಿಯೂ ಮುಂದುವರಿದಿವೆ. ತ್ಯಾಜ್ಯದ ಅಧಿಕಾರಪತ್ರ ಮಾಲಿನ್ಯ ನಿಯಂತ್ರಣ ಮಂಡಳಿಯದು. ಕೆಲಸಗಾರರ ಸುರಕ್ಷತೆಯ ತಪಾಸಣೆ ಕಾರ್ಖಾನೆಗಳ ಇಲಾಖೆಯದು. ಒಂದು ಕಚೇರಿಯ ತಪಾಸಣೆ ಮುಗಿದಿದೆ ಎಂಬ ಕಾರಣಕ್ಕೆ ಮತ್ತೊಂದು ಕಚೇರಿಯ ತಪಾಸಣೆಗೆ ಆಕ್ಷೇಪಿಸಲು ಅವಕಾಶವಿಲ್ಲ.

ಅರ್ಜಿ ಮತ್ತು ಸ್ಥಳ ತಪಾಸಣೆ

ಅರ್ಜಿಯನ್ನು ನಮೂನೆ 1ರಲ್ಲಿ ಸಲ್ಲಿಸತಕ್ಕದ್ದು. ಸ್ಥಾಪನೆಯ ಸಮ್ಮತಿ ಪತ್ರ ಮತ್ತು ಕಾರ್ಯಾಚರಣೆಯ ಸಮ್ಮತಿ ಪತ್ರಗಳ ಪ್ರತಿ ಲಗತ್ತಿಸಬೇಕು. ನವೀಕರಣವಾದಲ್ಲಿ ಹಿಂದಿನ ಷರತ್ತುಗಳನ್ನು ಪಾಲಿಸಿರುವ ಬಗ್ಗೆ ಸ್ವಯಂ ದೃಢೀಕರಿಸಿದ ವರದಿಯನ್ನೂ ಲಗತ್ತಿಸಬೇಕು. ಎಲ್ಲ ರೀತಿಯಲ್ಲೂ ಪೂರ್ಣವಾದ ಅರ್ಜಿ ತಲುಪಿದ 120 ದಿನಗಳೊಳಗೆ ಮಂಡಳಿಯು ನಮೂನೆ 2ರಲ್ಲಿ ಐದು ವರ್ಷಗಳ ಅವಧಿಗೆ ಅಧಿಕಾರಪತ್ರ ನೀಡಬಹುದು. ‘ಪೂರ್ಣವಾದ’ ಎಂಬ ಪದವನ್ನು ಗಮನಿಸಬೇಕು. ಅಪೂರ್ಣ ಅರ್ಜಿಯ ಮಟ್ಟಿಗೆ ಈ ದಿನಗಳ ಎಣಿಕೆ ಆರಂಭವಾಗುವುದೇ ಇಲ್ಲ.

ಅರ್ಜಿದಾರರಲ್ಲಿ ತಕ್ಕ ಸೌಲಭ್ಯ, ತಾಂತ್ರಿಕ ಸಾಮರ್ಥ್ಯ ಹಾಗೂ ಉಪಕರಣಗಳಿವೆ ಎಂದು ಸ್ಥಳ ತಪಾಸಣೆಯ ಮೂಲಕ ಖಚಿತಪಡಿಸಿಕೊಂಡ ನಂತರವೇ ಅಧಿಕಾರಪತ್ರ ನೀಡಬೇಕೆಂದು ನಿಯಮ ಹೇಳುತ್ತದೆ. ಆದುದರಿಂದ ತಪಾಸಣೆ ಕೇವಲ ಔಪಚಾರಿಕ ಭೇಟಿಯಲ್ಲ.

ಮೊದಲು ನೋಡುವುದು ಸಂಗ್ರಹ ಸ್ಥಳವನ್ನು. ನೆಲ ದ್ರವವನ್ನು ಹೀರದಂತಿರಬೇಕು, ಬಿರುಕು ಇರಬಾರದು. ಮಾಡು ಮಳೆಗೆ ಸೋರಬಾರದು. ಸೋರಿದ ದ್ರವ ಹೊರಗೆ ಹರಿಯದಂತೆ ಸುತ್ತ ಅಡ್ಡಗಟ್ಟೆ ಇರಬೇಕು. ಮಳೆನೀರಿನ ಚರಂಡಿಯು ಸಂಗ್ರಹ ಸ್ಥಳದ ಮೂಲಕ ಹಾದುಹೋಗಬಾರದು. ಡ್ರಮ್ಮುಗಳನ್ನು ಮರದ ಚೌಕಟ್ಟಿನ ಮೇಲೆ, ಮೂರಕ್ಕಿಂತ ಹೆಚ್ಚು ಎತ್ತರಕ್ಕೆ ಪೇರಿಸದೆ, ನಡುವೆ ಒಬ್ಬ ವ್ಯಕ್ತಿ ಓಡಾಡಿ ಸೋರಿಕೆಯನ್ನು ಗಮನಿಸಲು ಸಾಧ್ಯವಾಗುವಷ್ಟು ಅಂತರ ಬಿಟ್ಟು ಇಡಬೇಕು. ಗೋಡೆಗೆ ಒತ್ತಿ ಪೇರಿಸಿದ ಡ್ರಮ್ಮಿನ ಹಿಂಬದಿಯ ಸೋರಿಕೆ ಕಾಣುವುದು ಅದು ನೆಲದುದ್ದಕ್ಕೂ ಹರಿದ ಮೇಲೆಯೇ.

ಪ್ರತಿ ಡ್ರಮ್ಮಿನ ಮೇಲೆ ನಮೂನೆ 8ರ ಲೇಬಲ್ ಇರತಕ್ಕದ್ದು. ಅಪಾಯಕಾರಿ ತ್ಯಾಜ್ಯದ ಲೇಬಲ್ಲಿನ ಹಿನ್ನೆಲೆ ಹೊಳೆಯುವ ಹಳದಿ ಬಣ್ಣದ್ದಾಗಿರಬೇಕು. ‘ಅಪಾಯಕಾರಿ ತ್ಯಾಜ್ಯ’ ಮತ್ತು ‘ಎಚ್ಚರಿಕೆಯಿಂದ ನಿರ್ವಹಿಸಿ’ ಎಂಬ ಪದಗಳು ಕೆಂಪು ಅಕ್ಷರದಲ್ಲಿ ಹಿಂದಿ, ಇಂಗ್ಲಿಷ್ ಹಾಗೂ ಸ್ಥಳೀಯ ಭಾಷೆಯಲ್ಲಿರಬೇಕು. ನಮ್ಮ ರಾಜ್ಯದಲ್ಲಿ ಸ್ಥಳೀಯ ಭಾಷೆ ಎಂದರೆ ಕನ್ನಡ. ಇಂಗ್ಲಿಷ್ ಒಂದರಲ್ಲೇ ಮುದ್ರಿಸಿದ ಲೇಬಲ್ ನಿಯಮಕ್ಕೆ ವಿರುದ್ಧ. ಅದು ಡ್ರಮ್ಮನ್ನು ಉರುಳಿಸುವ ಕೆಲಸಗಾರರಿಗೆ ಯಾವ ಪ್ರಯೋಜನಕ್ಕೂ ಬರುವುದಿಲ್ಲ ಎಂಬುದು ಅದಕ್ಕಿಂತ ಮುಖ್ಯವಾದ ಸಂಗತಿ. ಮಳೆ ಬಿಸಿಲಿಗೆ ಅಳಿಸದ ಲೇಬಲ್ ಬಳಸಬೇಕು.

ತ್ಯಾಜ್ಯವನ್ನು 90 ದಿನಗಳಿಗಿಂತ ಹೆಚ್ಚು ಕಾಲ ಇಟ್ಟುಕೊಳ್ಳುವಂತಿಲ್ಲ. ವರ್ಷಕ್ಕೆ ಹತ್ತು ಟನ್‌ವರೆಗೆ ಮಾತ್ರ ಉತ್ಪಾದಿಸುವ ಸಣ್ಣ ಘಟಕಗಳಿಗೆ ಮತ್ತು ನಿಯಮದಲ್ಲಿ ಹೇಳಿರುವ ಇತರ ಕೆಲವು ಸಂದರ್ಭಗಳಲ್ಲಿ ಮಂಡಳಿಯು ಈ ಅವಧಿಯನ್ನು 180 ದಿನಗಳವರೆಗೆ ವಿಸ್ತರಿಸಬಹುದು. ಒಂದು ಲಾರಿ ಲೋಡು ತುಂಬಲೆಂದು ವರ್ಷಗಟ್ಟಲೆ ಕಾಯುವ ರೂಢಿ ಕೆಲವೆಡೆ ಇದೆ. ಸಾಗಣೆ ವೆಚ್ಚ ಉಳಿಸುವ ಅವರ ಲೆಕ್ಕಾಚಾರ ಅರ್ಥವಾಗುವಂಥದೇ. ಆದರೆ ತುಕ್ಕು ಹಿಡಿಯುತ್ತಿರುವ ಡ್ರಮ್ಮು ಆ ಲೆಕ್ಕಕ್ಕೆ ಕಾಯುವುದಿಲ್ಲ. ಅಕ್ಕಪಕ್ಕದ ಸಣ್ಣ ಘಟಕಗಳವರು ಮಾತನಾಡಿಕೊಂಡು, ಪ್ರತಿಯೊಬ್ಬರೂ ತಮ್ಮದೇ ಅಧಿಕಾರಪತ್ರ ಹಾಗೂ ರವಾನೆ ಪತ್ರದೊಡನೆ ಒಂದೇ ದಿನ ಅಧಿಕೃತ ಸಾಗಣೆದಾರರ ವಾಹನ ಕರೆಸುವುದು ಇದಕ್ಕಿಂತ ಒಳ್ಳೆಯ ಮಾರ್ಗ.

ಒಂದರೊಡನೊಂದು ಬೆರೆಯಬಾರದ ತ್ಯಾಜ್ಯಗಳು

ಅಪಾಯಕಾರಿ ತ್ಯಾಜ್ಯದ ಘಟಕಗಳಲ್ಲಿ ಒಂದು ತ್ಯಾಜ್ಯ ಮತ್ತೊಂದಕ್ಕೆ ಸೇರಿದಾಗ ಜೀವಹಾನಿಯಾಗಬಹುದು. ಬೆಂಗಳೂರಿನ ಪೀಣ್ಯದಂತಹ ಕೈಗಾರಿಕಾ ಪ್ರದೇಶಗಳಲ್ಲಿ ಲೋಹ ಲೇಪನದ ಸಣ್ಣ ಘಟಕಗಳು ಬಹಳಷ್ಟಿವೆ. ಲೋಹದ ತುಕ್ಕು ತೆಗೆಯಲು ಬಳಸಿದ ಆಮ್ಲ ಮತ್ತು ಕೆಲವು ಬಗೆಯ ಲೇಪನಕ್ಕೆ ಬಳಸಿದ ಸೈನೈಡ್ ದ್ರಾವಣ ಇವೆರಡೂ ಒಂದೇ ಛಾವಣಿಯಡಿ ಇರಬಹುದು. ಸೈನೈಡ್ ದ್ರಾವಣಕ್ಕೆ ಆಮ್ಲ ಸೇರಿದರೆ ಹೈಡ್ರೋಜನ್ ಸಯನೈಡ್ ಅನಿಲ ಹೊರಬರುತ್ತದೆ. ಅದರ ವಾಸನೆಯನ್ನು ಗುರುತಿಸಲಾಗದ ಜನ ಬಹಳ. ಸೈನೈಡ್ ನೀರನ್ನು ಸಂಸ್ಕರಿಸಲು ತರುವ ಹೈಪೋಕ್ಲೋರೈಟಿಗೆ ಆಮ್ಲ ಸೇರಿದರೆ ಕ್ಲೋರಿನ್ ಉಂಟಾಗುತ್ತದೆ. ಚರ್ಮ ಹದಮಾಡುವ ಘಟಕಗಳಲ್ಲಿ ಬಳಸುವ ಸಲ್ಫೈಡ್ ಉಳಿಕೆಗೆ ಆಮ್ಲ ಸೇರಿದರೆ ಹೈಡ್ರೋಜನ್ ಸಲ್ಫೈಡ್ ಹೊರಬರುತ್ತದೆ. ಅಲ್ಯೂಮಿನಿಯಂ ಕರಗಿಸಿದಾಗ ಉಳಿಯುವ ಕಿಟ್ಟಕ್ಕೆ ನೀರು ತಗುಲಿದರೆ ಅಮೋನಿಯಾ ಮತ್ತು ಹೊತ್ತಿಕೊಳ್ಳುವ ಅನಿಲಗಳು ಉಂಟಾಗುತ್ತವೆ. ಆ ಘಟಕಗಳ ಸಂಗ್ರಹ ಸ್ಥಳದ ಮಾಡು ಸೋರುತ್ತಿದೆಯೇ ಎಂದು ಕೇಳುವುದು ಈ ಕಾರಣಕ್ಕಾಗಿಯೇ.

2022ರ ಜನವರಿ 6ರಂದು ಗುಜರಾತಿನ ಸೂರತ್‌ನ ಸಚಿನ್ ಕೈಗಾರಿಕಾ ಪ್ರದೇಶದಲ್ಲಿ ಟ್ಯಾಂಕರ್ ಒಂದರಿಂದ ರಾಸಾಯನಿಕ ತ್ಯಾಜ್ಯವನ್ನು ಅಕ್ರಮವಾಗಿ ನಾಲೆಗೆ ಬಿಡಲಾಯಿತು. ಅಲ್ಲಿ ಎದ್ದ ವಿಷಾನಿಲದಿಂದ ಆರು ಜನ ಮೃತಪಟ್ಟರು. ಇಪ್ಪತ್ತಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು. ಅನಿಲಕ್ಕೆ ತುತ್ತಾದವರು ಪಕ್ಕದ ಬಟ್ಟೆ ಗಿರಣಿಯ ಕೆಲಸಗಾರರು. ಆ ತ್ಯಾಜ್ಯಕ್ಕೂ ಅವರಿಗೂ ಯಾವ ಸಂಬಂಧವೂ ಇರಲಿಲ್ಲ.

ಆದುದರಿಂದ ತಪಾಸಣೆಯ ದಿನ ಆಮ್ಲ, ಕ್ಷಾರ, ಸೈನೈಡ್, ದ್ರಾವಕ, ಎಣ್ಣೆ ಇವುಗಳ ಪ್ರತ್ಯೇಕ ಅಡ್ಡಗಟ್ಟೆಗಳನ್ನು ಪರಿಶೀಲಿಸಲಾಗುವುದು. ಒಂದೇ ಅಡ್ಡಗಟ್ಟೆಯೊಳಗೆ ಬೇರೆ ಬೇರೆ ಬಣ್ಣದ ಡ್ರಮ್ಮುಗಳನ್ನು ಇಟ್ಟರೆ ಅದು ಪ್ರತ್ಯೇಕತೆ ಎನಿಸುವುದಿಲ್ಲ. ಎರಡೂ ಸೋರಿದರೆ ಅವು ಸೇರುವುದು ಒಂದೇ ನೆಲದ ಮೇಲೆ.

ತೊಟ್ಟಿ ಮತ್ತು ಗುಂಡಿಗಳೊಳಗೆ ಇಳಿಯುವ ಕೆಲಸ

ತ್ಯಾಜ್ಯನೀರಿನ ತೊಟ್ಟಿ, ಕೆಸರಿನ ಗುಂಡಿ, ಎಣ್ಣೆ ಟ್ಯಾಂಕ್ ಮುಂತಾದ ಮುಚ್ಚಿದ ಸ್ಥಳಗಳ ವಿಷಯವನ್ನು ಪ್ರತ್ಯೇಕವಾಗಿ ಹೇಳುವುದು ಅವಶ್ಯ. ಹೈಡ್ರೋಜನ್ ಸಲ್ಫೈಡ್ ಗಾಳಿಗಿಂತ ಭಾರ. ಗುಂಡಿಯ ತಳದಲ್ಲಿ ನಿಲ್ಲುತ್ತದೆ. ಅಲ್ಪ ಪ್ರಮಾಣದಲ್ಲಿ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಪ್ರಮಾಣ ಹೆಚ್ಚಾದಾಗ ಮೂಗು ಆ ವಾಸನೆಯನ್ನು ಗ್ರಹಿಸುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ. ‘ವಾಸನೆ ಹೋಯಿತು, ಈಗ ಇಳಿಯಬಹುದು’ ಎಂದು ಅನುಭವಸ್ಥರೇ ಹೇಳುವುದುಂಟು. ವಾಸನೆ ನಿಂತ ಗಳಿಗೆಯೇ ಅತ್ಯಂತ ಅಪಾಯದ್ದಾಗಿರಬಹುದು.

ಇಳಿಯುವ ಮುನ್ನ ಗುಂಡಿಯ ಮೇಲ್ಭಾಗ, ಮಧ್ಯ ಮತ್ತು ತಳದ ಗಾಳಿಯನ್ನು ಉಪಕರಣದಿಂದ ಅಳೆಯಬೇಕು. ಸಾಮಾನ್ಯ ಗಾಳಿಯಲ್ಲಿ ಆಮ್ಲಜನಕ ಸುಮಾರು ಶೇ. 20.9ರಷ್ಟಿರುತ್ತದೆ, ಶೇ. 19.5ಕ್ಕಿಂತ ಕಡಿಮೆ ಇದ್ದರೆ ಇಳಿಯಕೂಡದು. ಗಾಳಿ ಊದಿಸುವ ವ್ಯವಸ್ಥೆ, ಸೊಂಟ ಭುಜಗಳಿಗೆ ಕಟ್ಟುವ ಪಟ್ಟಿ, ಮೇಲಿನಿಂದ ಎತ್ತಲು ಹಗ್ಗ ಮತ್ತು ಮುಕ್ಕಾಲಿ, ಮೇಲೆ ನಿಂತು ಗಮನಿಸುವ ಒಬ್ಬ ವ್ಯಕ್ತಿ, ಜವಾಬ್ದಾರಿಯುತ ಅಧಿಕಾರಿಯ ಲಿಖಿತ ಅನುಮತಿ ಇವೆಲ್ಲವೂ ಇರತಕ್ಕದ್ದು. ಮೂಗಿಗೆ ಕಟ್ಟುವ ಬಟ್ಟೆ ಅಥವಾ ಧೂಳಿನ ಮಾಸ್ಕ್ ಅನಿಲವನ್ನು ತಡೆಯುವುದಿಲ್ಲ. ಅನಿಲ ಶೋಧಕ ಡಬ್ಬಿಯುಳ್ಳ ಮಾಸ್ಕ್ ಕೂಡ ಆಮ್ಲಜನಕವನ್ನು ಒದಗಿಸುವುದಿಲ್ಲ.

ಇಂತಹ ಅವಘಡಗಳ ಸುದ್ದಿ ಓದಿದವರಿಗೆ ಒಂದು ಸಂಗತಿ ತಿಳಿದಿರುತ್ತದೆ: ಸಾಯುವವರು ಒಬ್ಬರಲ್ಲ. ಮೊದಲನೆಯವರು ಕುಸಿದಾಗ ಎತ್ತಲೆಂದು ಎರಡನೆಯವರು ಇಳಿಯುತ್ತಾರೆ, ಅವರ ಹಿಂದೆ ಮೂರನೆಯವರು. ಜೊತೆಗಾರ ಕಣ್ಣೆದುರೇ ಬಿದ್ದಿರುವಾಗ ಇಳಿಯದೆ ನಿಲ್ಲುವುದು ಸಹಜ ಸ್ವಭಾವಕ್ಕೆ ವಿರುದ್ಧವಾದುದು. ಅದನ್ನು ಗೋಡೆಯ ಮೇಲಿನ ಫಲಕದಿಂದ ಕಲಿಯಲಾಗದು. ಮೇಲೆ ನಿಂತು ಹಗ್ಗ ಎಳೆಯುವುದನ್ನು, ಕೂಗಿ ನೆರವು ಕರೆಯುವುದನ್ನು ಮತ್ತೆ ಮತ್ತೆ ಅಭ್ಯಾಸ ಮಾಡಿಸಿದರೆ ಮಾತ್ರ ಆ ಗಳಿಗೆಯಲ್ಲಿ ಕೈ ಅದನ್ನೇ ಮಾಡುತ್ತದೆ.

ತರಬೇತಿ ಎಂದರೇನು

ಕಲುಷಿತ ವಸ್ತುಗಳು ಹೊರಹೋಗದಂತೆ ತಡೆಯುವುದು, ಅಪಘಾತಗಳನ್ನು ತಡೆಗಟ್ಟುವುದು ಹಾಗೂ ಸ್ಥಳದಲ್ಲಿ ಕೆಲಸ ಮಾಡುವವರಿಗೆ ಅವರ ಸುರಕ್ಷತೆಗೆ ಅವಶ್ಯವಾದ ತರಬೇತಿ, ಉಪಕರಣ ಮತ್ತು ಮಾಹಿತಿ ಒದಗಿಸುವುದು ಅಧಿಭೋಗದಾರರ ಹೊಣೆ ಎಂದು 2016ರ ನಿಯಮಗಳ 4ನೇ ನಿಯಮ ವಿಧಿಸುತ್ತದೆ. ‘ಸ್ಥಳದಲ್ಲಿ ಕೆಲಸ ಮಾಡುವವರು’ ಎಂದಿದೆ. ‘ಘಟಕದ ನೌಕರರು’ ಎಂದಿಲ್ಲ. ಗುತ್ತಿಗೆದಾರರು ಕಳುಹಿಸಿದ ಕೂಲಿಕಾರರು, ರಾತ್ರಿ ಪಾಳಿಯ ಕಾವಲುಗಾರರು, ಕಸ ಗುಡಿಸುವವರು, ಫೋರ್ಕ್‌ಲಿಫ್ಟ್ ಚಾಲಕರು ಎಲ್ಲರೂ ಇದರಲ್ಲಿ ಸೇರುತ್ತಾರೆ. ತೊಟ್ಟಿ ಸ್ವಚ್ಛಗೊಳಿಸುವಂತಹ ಅತ್ಯಂತ ಅಪಾಯದ ಕೆಲಸ ಬೀಳುವುದು ಹೆಚ್ಚಾಗಿ ಅಂದೇ ಬಂದ ಗುತ್ತಿಗೆ ಕೂಲಿಕಾರರ ಪಾಲಿಗೆ. ಗುತ್ತಿಗೆದಾರರೊಡನೆ ಮಾಡಿಕೊಂಡ ಕರಾರಿನಲ್ಲಿ ‘ಸುರಕ್ಷತೆ ಗುತ್ತಿಗೆದಾರರ ಜವಾಬ್ದಾರಿ’ ಎಂದು ಬರೆದುಕೊಂಡ ಮಾತ್ರಕ್ಕೆ ಅಧಿಭೋಗದಾರರ ಹೊಣೆ ಇಳಿಯುವುದಿಲ್ಲ.

ತರಬೇತಿ ನೀಡಲಾಗಿದೆ ಎಂಬುದಕ್ಕೆ ಸಾಮಾನ್ಯವಾಗಿ ಹಾಜರಿ ಪುಸ್ತಕವನ್ನು ಹಾಜರುಪಡಿಸಲಾಗುತ್ತದೆ. ಅದು ಬೇಕು. ಆದರೆ ಹಾಜರಿಯ ಸಹಿ ಬಂದವರ ಲೆಕ್ಕವೇ ಹೊರತು ಕಲಿತವರ ಲೆಕ್ಕವಲ್ಲ. ಮೂವತ್ತು ಸಹಿಗಳೂ ಒಂದೇ ಶಾಯಿಯಲ್ಲಿ, ಒಂದೇ ಓಟದಲ್ಲಿ ಇದ್ದರೆ ಆ ಪುಸ್ತಕಕ್ಕೆ ಎಷ್ಟು ಬೆಲೆ ಎಂಬುದು ಲೆಕ್ಕಪತ್ರ ನೋಡಿ ಬಲ್ಲವರಿಗೆ ವಿವರಿಸಬೇಕಾಗಿಲ್ಲ. ಡ್ರಮ್ಮಿನ ಬಳಿ ನಿಂತಿರುವವರನ್ನು ಇದರಲ್ಲಿ ಏನಿದೆ, ಇದು ಯಾವುದರೊಡನೆ ಸೇರಬಾರದು, ಸೋರಿದರೆ ಮೊದಲು ಏನು ಮಾಡುತ್ತೀರಿ, ಕಣ್ಣಿಗೆ ಸಿಡಿದರೆ ನೀರು ಎಲ್ಲಿದೆ ಎಂದು ಕೇಳಿದರೆ ತರಬೇತಿ ನಡೆದಿದೆಯೇ ಎಂಬುದು ಎರಡು ನಿಮಿಷದಲ್ಲಿ ತಿಳಿಯುತ್ತದೆ. ಅರ್ಜಿದಾರರು ತಪಾಸಣೆಗೆ ಮುನ್ನ ತಾವೇ ಈ ಪ್ರಶ್ನೆಗಳನ್ನು ಕೇಳಿ ನೋಡುವುದು ಒಳಿತು. ಕೇಳುವಾಗ ಮೇಲ್ವಿಚಾರಕರನ್ನು ದೂರ ನಿಲ್ಲಿಸಬೇಕು. ಇಲ್ಲವಾದರೆ ಉತ್ತರ ಬರುವುದು ಅವರಿಂದ.

ಭಾಷೆಯ ಪ್ರಶ್ನೆಯನ್ನು ಅಲಕ್ಷಿಸಲಾಗದು. ಕೈಗಾರಿಕಾ ಪ್ರದೇಶಗಳಲ್ಲಿ ಈಗ ಒಡಿಶಾ, ಬಿಹಾರ, ಪಶ್ಚಿಮ ಬಂಗಾಳ, ಅಸ್ಸಾಂ ರಾಜ್ಯಗಳಿಂದ ಬಂದವರು ಬಹಳವಾಗಿ ಕೆಲಸ ಮಾಡುತ್ತಿದ್ದಾರೆ. ಕನ್ನಡದ ಫಲಕ ಅವಶ್ಯ. ಆದರೆ ಅದನ್ನು ಓದಲಾರದವರಿಗೆ ಅವರ ಭಾಷೆಯಲ್ಲಿ ಬಾಯಿಮಾತಿನ ವಿವರಣೆ, ಚಿತ್ರ ಮತ್ತು ಪ್ರಾತ್ಯಕ್ಷಿಕೆಗಳೂ ಬೇಕು. ಆ ಭಾಷೆ ಬಲ್ಲ ಹಿರಿಯ ಕೆಲಸಗಾರರೊಬ್ಬರನ್ನೇ ತರಬೇತುಗೊಳಿಸಿ ಅವರ ಮೂಲಕ ಹೇಳಿಸುವುದು ಕಡಿಮೆ ವೆಚ್ಚದ ಉಪಾಯ.

ನಮೂನೆ 2ರ ಅಧಿಕಾರಪತ್ರದ ಷರತ್ತುಗಳನ್ನು ಅನೇಕರು ಪೂರ್ತಿ ಓದುವುದಿಲ್ಲ. ಅದರಲ್ಲಿನ ಎರಡು ಷರತ್ತುಗಳು ಇಲ್ಲಿ ಪ್ರಸ್ತುತ. ಅರ್ಜಿಯಲ್ಲಿ ತಿಳಿಸಿದ ಸಿಬ್ಬಂದಿ, ಉಪಕರಣ ಅಥವಾ ಕೆಲಸದ ಸ್ಥಿತಿಗತಿಗಳಲ್ಲಿ ಅನುಮತಿಯಿಲ್ಲದೆ ಬದಲಾವಣೆ ಮಾಡಿದರೆ ಅದು ಅಧಿಕಾರಪತ್ರದ ಉಲ್ಲಂಘನೆಯಾಗುತ್ತದೆ. ತರಬೇತಿ ಪಡೆದ ಮೇಲ್ವಿಚಾರಕರು ಕೆಲಸ ಬಿಟ್ಟುಹೋದ ಮೇಲೆ ಅವರ ಹೆಸರಿನಲ್ಲೇ ಘಟಕವನ್ನು ಮುಂದುವರಿಸುವುದು ಈ ಷರತ್ತಿನ ವ್ಯಾಪ್ತಿಗೆ ಬರುತ್ತದೆ. ಎರಡನೆಯದಾಗಿ, ಸೋರಿಕೆ, ಬೆಂಕಿ ಮುಂತಾಗಿ ಆ ಸ್ಥಳದಲ್ಲಿ ಸಂಭವಿಸಬಹುದಾದ ಎಲ್ಲ ಸನ್ನಿವೇಶಗಳಿಗೆ ತುರ್ತು ಕ್ರಮದ ಯೋಜನೆ ಹೊಂದಿದ್ದು ನಿಯತವಾಗಿ ಅಣಕು ಕಾರ್ಯಾಚರಣೆ ನಡೆಸತಕ್ಕದ್ದು. ಹೆಚ್ಚಿನ ಪ್ರಮಾಣದಲ್ಲಿ ಅಪಾಯಕಾರಿ ರಾಸಾಯನಿಕ ಸಂಗ್ರಹಿಸುವ, ಭಾರಿ ಅಪಘಾತದ ಸಂಭವವುಳ್ಳ ಸ್ಥಾವರಗಳಿಗೆ 1989ರ ಪ್ರತ್ಯೇಕ ನಿಯಮಗಳಡಿ ಆರು ತಿಂಗಳಿಗೊಮ್ಮೆ ಇದು ಕಡ್ಡಾಯ. ಅಣಕು ಕಾರ್ಯಾಚರಣೆಯನ್ನು ಹಗಲು ಪಾಳಿಯಲ್ಲಿ ಮಾತ್ರ, ಮುಂಚಿತವಾಗಿ ತಿಳಿಸಿ, ಛಾಯಾಚಿತ್ರಕ್ಕಾಗಿ ನಡೆಸಿದರೆ ಹೆಚ್ಚಿನ ಪ್ರಯೋಜನವಿಲ್ಲ.

ಭೋಪಾಲದ ತ್ಯಾಜ್ಯದ ವಿಲೇವಾರಿ

ತರಬೇತಿ ಪಡೆದ ಸಿಬ್ಬಂದಿಯಿಂದ ಮಾಡಿಸುವ ಕೆಲಸ ಹೇಗಿರುತ್ತದೆ ಎಂಬುದಕ್ಕೆ ಇತ್ತೀಚಿನ ಒಂದು ಉದಾಹರಣೆ ನೀಡಬಹುದು. ಭೋಪಾಲದ ಕಾರ್ಖಾನೆಯ ಆವರಣದಲ್ಲಿ ನಾಲ್ಕು ದಶಕಗಳಿಂದ ಉಳಿದಿದ್ದ ತ್ಯಾಜ್ಯದಲ್ಲಿ 337 ಟನ್‌ಗಳನ್ನು ನ್ಯಾಯಾಲಯದ ಆದೇಶದಂತೆ 2025ರ ಜನವರಿ 1ರ ರಾತ್ರಿ 12 ಮುಚ್ಚಿದ ಕಂಟೈನರುಗಳಲ್ಲಿ ಸುಮಾರು 250 ಕಿ.ಮೀ. ದೂರದ ಪೀಥಂಪುರದ ವಿಲೇವಾರಿ ಘಟಕಕ್ಕೆ ಸಾಗಿಸಲಾಯಿತು. ತ್ಯಾಜ್ಯವನ್ನು ಚೀಲಗಳಿಗೆ ತುಂಬಲು ಸುಮಾರು 100 ಜನರನ್ನು ನೇಮಿಸಲಾಗಿತ್ತು. ಒಬ್ಬೊಬ್ಬರೂ ರಕ್ಷಣಾ ಉಡುಪಿನಲ್ಲಿ ಒಂದು ಬಾರಿಗೆ 30 ನಿಮಿಷ ಮಾತ್ರ ಕೆಲಸ ಮಾಡಿ ಹೊರಬರುತ್ತಿದ್ದರು. ಪೀಥಂಪುರದಲ್ಲಿ ಸ್ಥಳೀಯರಿಂದ ತೀವ್ರ ಪ್ರತಿಭಟನೆ ನಡೆಯಿತು. ಆ ನಂತರ ಒಮ್ಮೆಗೇ ಸುಡದೆ, ಮೊದಲು ಗಂಟೆಗೆ 135 ಕಿಲೋ, ನಂತರ 180, ನಂತರ 270 ಕಿಲೋ ವೇಗದಲ್ಲಿ ಹತ್ತು ಹತ್ತು ಟನ್‌ಗಳ ಮೂರು ಪ್ರಾಯೋಗಿಕ ದಹನಗಳನ್ನು ನಡೆಸಿ ಚಿಮಣಿಯ ಹೊಗೆಯನ್ನು ಅಳೆಯಲಾಯಿತು. ಉಳಿದದ್ದರ ದಹನ 2025ರ ಜೂನ್ ಅಂತ್ಯಕ್ಕೆ ಮುಗಿಯಿತು.

ಇಂತಹ ದಹನ ಕುಲುಮೆಯ ಎರಡನೆಯ ಕೋಣೆಯಲ್ಲಿ ಕನಿಷ್ಠ 1100 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಇದ್ದು ಅನಿಲವು ಎರಡು ಸೆಕೆಂಡು ಅಲ್ಲಿ ನಿಲ್ಲಬೇಕೆಂಬುದು 2008ರಲ್ಲಿ ಪ್ರಕಟಿಸಿದ ಮಾನದಂಡ. ಉಷ್ಣತೆ ಇಳಿದಾಗ ತ್ಯಾಜ್ಯ ಹಾಕುವುದನ್ನು ನಿಲ್ಲಿಸಬೇಕು. ಮಾಪಕದ ಅಂಕಿ ನೋಡಿ ಕೆಲಸ ನಿಲ್ಲಿಸುವ ತಿಳಿವಳಿಕೆ ಮತ್ತು ಅಧಿಕಾರ ಎರಡೂ ಪಾಳಿಯಲ್ಲಿರುವ ನಿರ್ವಾಹಕರಿಗೆ ಇರಬೇಕು. ಕರ್ನಾಟಕದ ದಾಬಸ್‌ಪೇಟೆಯಲ್ಲಿ ಅಪಾಯಕಾರಿ ತ್ಯಾಜ್ಯದ ಸಾಮೂಹಿಕ ವಿಲೇವಾರಿ ಘಟಕವಿದೆ. ಇಂತಹ ಘಟಕಗಳ ಭೂಭರ್ತಿಯನ್ನು ಮುಚ್ಚಿದ ನಂತರವೂ ಹಲವು ದಶಕಗಳ ಕಾಲ ನಿಗಾ ಇಡುವುದು ನಿರ್ವಾಹಕರ ಹೊಣೆಯಾಗಿರುತ್ತದೆ.

ಸಾಗಣೆ

ತ್ಯಾಜ್ಯವನ್ನು ಘಟಕದಿಂದ ಹೊರಕಳುಹಿಸುವಾಗ ಮ್ಯಾನಿಫೆಸ್ಟ್ ಎಂದೇ ರೂಢಿಯಲ್ಲಿರುವ ನಮೂನೆ 10ರ ರವಾನೆ ಪತ್ರವನ್ನು ಏಳು ಪ್ರತಿಗಳಲ್ಲಿ ಸಿದ್ಧಪಡಿಸತಕ್ಕದ್ದು. ಬಿಳಿ ಪ್ರತಿ ಮಂಡಳಿಗೆ, ಹಳದಿ ಕಳುಹಿಸುವವರಲ್ಲಿ, ಗುಲಾಬಿ ಸ್ವೀಕರಿಸುವವರಲ್ಲಿ, ಕಿತ್ತಳೆ ಸಾಗಣೆದಾರರಲ್ಲಿ ಉಳಿಯುತ್ತದೆ. ಸ್ವೀಕರಿಸಿದವರು ಹಸಿರು ಪ್ರತಿಯನ್ನು ಮಂಡಳಿಗೂ ನೀಲಿ ಪ್ರತಿಯನ್ನು ಕಳುಹಿಸಿದವರಿಗೂ ಮರಳಿಸಬೇಕು. ಬೂದು ಪ್ರತಿ ಅನ್ಯ ರಾಜ್ಯದ ಮಂಡಳಿಗೆ ಸಂಬಂಧಿಸಿದ್ದು. ಅರ್ಜಿದಾರರು ವಿಶೇಷವಾಗಿ ಗಮನಿಸಬೇಕಾದುದು ನೀಲಿ ಪ್ರತಿಯನ್ನು. ಅದು ಮರಳಿ ಬಾರದಿದ್ದರೆ ತಮ್ಮ ತ್ಯಾಜ್ಯ ಎಲ್ಲಿಗೆ ಸೇರಿತು ಎಂಬುದಕ್ಕೆ ತಮ್ಮಲ್ಲಿ ಪುರಾವೆ ಇರುವುದಿಲ್ಲ. ಕೂಡಲೇ ವಿಚಾರಿಸಿ ಮಂಡಳಿಯ ಪ್ರಾದೇಶಿಕ ಕಚೇರಿಗೆ ತಿಳಿಸುವುದು ಕ್ಷೇಮ.

ಚಾಲಕರ ಬಳಿ ನಮೂನೆ 9ರ ತುರ್ತು ಮಾಹಿತಿ ಚೀಟಿ ಇರಬೇಕು. ಅಪಾಯಕಾರಿ ಸರಕಿನ ವಾಹನ ಚಾಲಕರು ಮೂರು ದಿನಗಳ ನಿಗದಿತ ತರಬೇತಿ ಪಡೆದ ಪ್ರಮಾಣಪತ್ರ ಹೊಂದಿರಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮಗಳ 9ನೇ ನಿಯಮ ವಿಧಿಸುತ್ತದೆ. ವಾಹನಕ್ಕೆ ತ್ಯಾಜ್ಯ ತುಂಬುವ ಮುನ್ನ ಇದನ್ನು ಕೇಳಿ ನೋಡುವುದು ಕಳುಹಿಸುವವರ ಹಿತಕ್ಕೇ ಒಳ್ಳೆಯದು.

ದಾಖಲೆ ಮತ್ತು ಲೆಕ್ಕ

ದೈನಂದಿನ ಲೆಕ್ಕವನ್ನು ನಮೂನೆ 3ರಲ್ಲಿಯೂ, ಹಣಕಾಸು ವರ್ಷ ಮುಗಿದ ನಂತರ ವಾರ್ಷಿಕ ವಿವರವನ್ನು ನಮೂನೆ 4ರಲ್ಲಿ ಜೂನ್ 30ರೊಳಗಾಗಿಯೂ ಸಲ್ಲಿಸುವ ಕ್ರಮದಲ್ಲಿ ಇಡಬೇಕು. ನಮೂನೆ 3 ಒಂದು ದಾಸ್ತಾನು ಪುಸ್ತಕವಲ್ಲದೆ ಬೇರೆ ಏನೂ ಅಲ್ಲ. ಆರಂಭಿಕ ಶಿಲ್ಕಿಗೆ ಉತ್ಪಾದನೆ ಕೂಡಿಸಿ ರವಾನೆ ಕಳೆದರೆ ಬರುವ ಅಖೈರು ಶಿಲ್ಕು ಸಂಗ್ರಹ ಸ್ಥಳದಲ್ಲಿರುವ ಡ್ರಮ್ಮುಗಳಿಗೆ ತಾಳೆಯಾಗಬೇಕು. ಉತ್ಪಾದನೆ ದ್ವಿಗುಣವಾಗಿದ್ದರೂ ಕೆಸರಿನ ಪ್ರಮಾಣ ಹಿಂದಿನಷ್ಟೇ ಇದ್ದರೆ ಪ್ರಶ್ನೆ ಏಳುವುದು ಸಹಜ. ಪ್ರಕ್ರಿಯೆ ಸುಧಾರಿಸಿ ತ್ಯಾಜ್ಯ ಕಡಿಮೆಯಾಗಿದ್ದಲ್ಲಿ ಅದನ್ನು ಟಿಪ್ಪಣಿಯಾಗಿ ಬರೆದಿಡಬೇಕು. ಅದು ಅರ್ಜಿದಾರರಿಗೆ ಅನುಕೂಲಕರವಾದ ಅಂಶವೇ.

ಉತ್ಪತ್ತಿಯಾಗುವ ತ್ಯಾಜ್ಯದ ವಿವರಗಳನ್ನು ಘಟಕದ ಮುಖ್ಯದ್ವಾರದ ಹೊರಗೆ ಫಲಕದಲ್ಲಿ ಪ್ರದರ್ಶಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು 2003ರ ಅಕ್ಟೋಬರ್ 14ರ ಆದೇಶದಲ್ಲಿ ಸೂಚಿಸಿದೆ. ನೆರೆಹೊರೆಯ ನಿವಾಸಿಗಳು ಈ ಫಲಕವನ್ನು ನೋಡಲು ಹಕ್ಕುಳ್ಳವರು. ಫಲಕವಿಲ್ಲದಿದ್ದಲ್ಲಿ ಅಥವಾ ಹಳೆಯ ಅಂಕಿಅಂಶಗಳೇ ಇದ್ದಲ್ಲಿ ಮಂಡಳಿಯ ಪ್ರಾದೇಶಿಕ ಕಚೇರಿಗೆ ಲಿಖಿತ ದೂರು ನೀಡಬಹುದು.

ತಪಾಸಣಾಧಿಕಾರಿಗಳ ಅಧಿಕಾರ, ದಂಡ ಮತ್ತು ಮೇಲ್ಮನವಿ

ಪರಿಸರ (ಸಂರಕ್ಷಣೆ) ಕಾಯ್ದೆಯ 10ನೇ ಪ್ರಕರಣದಂತೆ ಅಧಿಕಾರ ಪಡೆದ ಅಧಿಕಾರಿಗಳು ಘಟಕವನ್ನು ಪ್ರವೇಶಿಸಿ ಪರಿಶೀಲಿಸಬಹುದು. ಅವರಿಗೆ ನೆರವು ನೀಡುವುದು ಘಟಕದವರ ಕರ್ತವ್ಯ. 11ನೇ ಪ್ರಕರಣದಡಿ ಮಾದರಿ ತೆಗೆಯುವಾಗ ನೋಟೀಸು ನೀಡಿ, ಅಧಿಭೋಗದಾರರ ಅಥವಾ ಅವರ ಪ್ರತಿನಿಧಿಯ ಸಮಕ್ಷಮದಲ್ಲಿ ತೆಗೆದು, ಮೊಹರು ಮಾಡಿ, ಉಭಯತ್ರರ ಸಹಿ ಹಾಕಿಸಿ ಪ್ರಯೋಗಾಲಯಕ್ಕೆ ಕಳುಹಿಸತಕ್ಕದ್ದು. ಈ ವಿಧಾನ ಅರ್ಜಿದಾರರ ರಕ್ಷಣೆಗಾಗಿಯೇ ಇದೆ. ಸಹಿ ನಿರಾಕರಿಸುವುದರಿಂದ ಮಾದರಿ ಅಸಿಂಧುವಾಗುವುದಿಲ್ಲ.

2024ರ ಏಪ್ರಿಲ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಂತೆ ಈ ಕಾಯ್ದೆಯ ಉಲ್ಲಂಘನೆಗೆ ಹತ್ತು ಸಾವಿರದಿಂದ ಹದಿನೈದು ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಬಹುದು. ಉಲ್ಲಂಘನೆ ಮುಂದುವರಿದಲ್ಲಿ ದಿನವೊಂದಕ್ಕೆ ಹತ್ತು ಸಾವಿರ ರೂಪಾಯಿ ಹೆಚ್ಚುವರಿ. ಘಟಕ ಮುಚ್ಚಲು, ವಿದ್ಯುತ್ ಅಥವಾ ನೀರಿನ ಪೂರೈಕೆ ನಿಲ್ಲಿಸಲು ನಿರ್ದೇಶನ ನೀಡುವ ಅಧಿಕಾರವೂ 5ನೇ ಪ್ರಕರಣದಲ್ಲಿದೆ.

ಘಟಕದಲ್ಲಿ ಅಥವಾ ಸಾಗಣೆಯಲ್ಲಿ ಅಪಘಾತ ಸಂಭವಿಸಿದರೆ ಕೂಡಲೇ ಮಂಡಳಿಗೆ ದೂರವಾಣಿ ಮತ್ತು ಇಮೇಲ್ ಮೂಲಕ ತಿಳಿಸಿ, ನಂತರ ನಮೂನೆ 11ರಲ್ಲಿ ವರದಿ ಸಲ್ಲಿಸತಕ್ಕದ್ದು. ವರದಿ ಬರೆದು ಮುಗಿಯುವವರೆಗೆ ತಿಳಿಸದೆ ಕಾಯುವಂತಿಲ್ಲ.

ಅರ್ಜಿಯನ್ನು ತಿರಸ್ಕರಿಸುವ ಅಥವಾ ಅಧಿಕಾರಪತ್ರವನ್ನು ರದ್ದುಗೊಳಿಸುವ ಮುನ್ನ ಅಹವಾಲು ಹೇಳಿಕೊಳ್ಳಲು ಅವಕಾಶ ನೀಡಲಾಗುವುದು. ಆದೇಶದಿಂದ ಬಾಧಿತರಾದವರು 30 ದಿನಗಳೊಳಗೆ ನಮೂನೆ 12ರಲ್ಲಿ ಮೇಲ್ಮನವಿ ಪ್ರಾಧಿಕಾರಕ್ಕೆ ಮನವಿ ಸಲ್ಲಿಸಬಹುದು. ಸಕಾರಣವಿದ್ದಲ್ಲಿ ವಿಳಂಬವನ್ನು ಮನ್ನಿಸುವ ಅಧಿಕಾರ ಪ್ರಾಧಿಕಾರಕ್ಕಿದೆ. ಮೇಲ್ಮನವಿಯನ್ನು 60 ದಿನಗಳೊಳಗೆ ಇತ್ಯರ್ಥಪಡಿಸಬೇಕೆಂದು ನಿಯಮದಲ್ಲಿದೆ. ಮೇಲ್ಮನವಿಯೊಡನೆ ಆಕ್ಷೇಪಿತ ಆದೇಶದ ಪ್ರತಿ ಲಗತ್ತಿಸುವುದನ್ನು ಮರೆಯಬಾರದು.